ವೈನ್ ಇದ್ದ ಸಾಲಿನ ಪಕ್ಕ

ಬೆಳಿಗ್ಗೆ ಕುವೈತಿನ ಸಾಲ್ಮಿಯಾದ ನಮ್ಮ ಫ್ಲ್ಯಾಟಿನಲ್ಲಿ ಅಮ್ಮ ಬ್ಯಾಡಗಿ ಮೆಣಸು ಹುರಿದರು. ನಾನು ಸೀನುತ್ತ ಸೀನುತ್ತ ನೇರ ಬಾಲ್ಯಕ್ಕೆ ಹೋಗಿ ಬಿದ್ದೆ.

ಅಮ್ಮ ಆಗ ಕೆಳಮಹಡಿಯ ಮೆಕ್ಸಿಕನ್ ಮೇಡಂ ಮನೆಯಲ್ಲಿ ಅಡುಗೆ ಮಾಡುತ್ತಿದ್ದರು. ಮೇಡಂನ ಫ್ರೆಂಚ್ ಅಜ್ಜಿ ಎರಡೂ ದೇಶದ ಅಡುಗೆ ಬೆರೆಸಿ ಕೈಯಲ್ಲಿ ಬರೆದಿಟ್ಟ ಪುಸ್ತಕವೊಂದು ಅಲ್ಲಿತ್ತು. ರುಚಿ ನೋಡುವ ಗುರುತರ ಹೊಣೆಯನ್ನು, ಯಾರೂ ಕೊಡದಿದ್ದರೂ, ನಾನು ಹೊತ್ತುಕೊಂಡಿದ್ದೆ.

ಒಮ್ಮೆ ಮೇಡಂನ ತಾಯಿ ಮೆಕ್ಸಿಕೋದಿಂದ ಬಂದರು. ಅವರಿಗೆ ತಮ್ಮ ಅಮ್ಮನ ಪುಸ್ತಕದ ಕೋಳಿಯೇ ಬೇಕಿತ್ತು. ಅದಕ್ಕೆ ಕೆಂಪು ವೈನ್ ಹಾಕಬೇಕು. ಮದ್ಯವೇ ನಿಷಿದ್ಧವಾದ ಕುವೈತಿನಲ್ಲಿ ವೈನ್ ಎಲ್ಲಿಂದ ತರುವುದು?

"ಇವರಿಗೆ ಸೇರದಿದ್ದರೆ ನನ್ನ ಕೆಲಸ ಖಲಾಸ್ ಮಾರಾಯ," ಎಂದರು ಅಮ್ಮ.

"ಪುನರ್ಪುಳಿ ಹಾಕಿ. ಕೆಂಪೂ ಉಂಟು, ಹುಳಿಯೂ ಉಂಟು, ಪೊಲೀಸರೂ ಬರುವುದಿಲ್ಲ," ಎಂದು ನ್ಯಾಯಾಧೀಶನ ಗತ್ತಿನಲ್ಲಿ ತೀರ್ಪು ಕೊಟ್ಟೆ.

"ನಿನ್ನ ತಲೆ," ಎಂದವರೇ ಊರಿನಿಂದ ತಂದಿದ್ದ ಪುನರ್ಪುಳಿ ಹಣ್ಣಿನ ಒಣಸಿಪ್ಪೆ ನೆನೆಹಾಕಿದರು.

ಆ ಹಿರಿಯರು ತಿಂದು ಮುಗಿಸಿ, ತಟ್ಟೆಯನ್ನು ಮತ್ತೆ ಚಾಚಿದರು. ಆಮೇಲೆ ಪುಸ್ತಕ ತರಿಸಿ, ವೈನ್ ಇದ್ದ ಸಾಲಿನ ಪಕ್ಕ ಅಮ್ಮನಿಂದಲೇ ಕನ್ನಡದಲ್ಲಿ ಬರೆಸಿದರು: 'ಪುನರ್ಪುಳಿ, ಒಂದು ಹಿಡಿ.'

ಮೇಡಂ ಈಗ ಮೆಕ್ಸಿಕೋದಲ್ಲಿದ್ದಾರೆ. ತಮ್ಮ ಮಗಳು ಆ ಕೋಳಿಯಡುಗೆ ಕಲಿಯುತ್ತಿದ್ದಾಳೆ, ಪುನರ್ಪುಳಿ ಕಳಿಸಿ ಎಂದು ನಿನ್ನೆ ಫೋನ್ ಮಾಡಿದ್ದರು. ಅಮ್ಮ ಜೊತೆಗೆ ಮೆಣಸಿನ ಪುಡಿಯನ್ನೂ ಕಟ್ಟುತ್ತಿದ್ದಾರೆ.

"ಮೆಣಸಿನ ತವರು ಮೆಕ್ಸಿಕೋದವರಿಗೇ ಮೆಣಸು ಕಳಿಸುವುದಾ?" ಎಂದೆ.

"ಹೌದು. ಪುಸ್ತಕದಲ್ಲಿ ಇನ್ನೂ ಜಾಗ ಉಂಟಲ್ಲ."