ಹಿಂದಿನ ಖೋಲಿಯ ಹದಿನೈದು ಬೆಳಗುಗಳು

ಹೊಸಪೇಟೆಯಲ್ಲಿ ಒಂದು ಸಂಸ್ಥೆ ನಡೆಸುವ, ದಿಕ್ಕಿಲ್ಲದ ತಾಯಂದಿರ ಮನೆಗೆ ನಾನು ಬಂದಾಗ ನನ್ನ ಮಗನಿಗೆ ಮೂರು ತಿಂಗಳು. ಸಂಡೂರಿನಲ್ಲಿ ನಮ್ಮ ಮನೆಯವರು ನನಗೆ ಬಾಗಿಲು ತೆರೆದಿರಲಿಲ್ಲ. ಗಂಡ ಎಂದುಕೊಂಡಿದ್ದವನ ಫೋನು ಸ್ವಿಚ್ ಆಫ್ ಆಗಿತ್ತು. ಬಸ್ ನಿಲ್ದಾಣದಲ್ಲಿ ನಾಲ್ಕು ದಿನ ಕಳೆದ ಮೇಲೆ ಒಬ್ಬ ಮಹಿಳಾ ಪೇದೆ ಆಟೋದಲ್ಲಿ ಕೂರಿಸಿಕೊಂಡು ಬಂದು ಅಲ್ಲಿ ಬಿಟ್ಟರು. ಜೊತೆಗಿದ್ದದ್ದು ಒಂದು ಚೀಲ, ಒಂದು ಕೌದಿ, ಪಿಯುಸಿಯಲ್ಲಿ ಅರ್ಧ ಬರೆದು ಬಿಟ್ಟಿದ್ದ ಒಂದು ನೋಟ್‌ಬುಕ್ಕು. ಉಳಿದ ಅರ್ಧದಲ್ಲಿ ದಿನಚರಿ ಬರೆಯತೊಡಗಿದೆ. ಮಗು ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಬಟ್ಟೆ ಒದ್ದೆ ಮಾಡಿತು, ನಾನು ಎಷ್ಟು ಸಲ ಅತ್ತೆ. ಅಳುವಿಗೂ ಗೆರೆ ಎಳೆಯುತ್ತಿದ್ದೆ. ಮೊದಲ ವಾರ ಇಪ್ಪತ್ತಮೂರು, ಐದನೆಯ ವಾರ ಎರಡು. ತಾರೀಖು ಹಾಕದೆ ಒಂದು ಸಾಲೂ ಬರೆದವಳಲ್ಲ.

ಆಗ ಅಲ್ಲಿ ನಾವು ಒಂಬತ್ತು ತಾಯಂದಿರು, ಹತ್ತು ಮಕ್ಕಳು. ಮನೆಯನ್ನು ನೋಡಿಕೊಳ್ಳುವವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಅಡುಗೆಗೆ ಒಬ್ಬ ಅಜ್ಜಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ತರಗತಿ. ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಹಾಕುವುದು, ಔಷಧಿಯ ಮೇಲಿನ ತಾರೀಖು ಓದುವುದು, ಬ್ಯಾಂಕಿನ ಫಾರಂ ತುಂಬುವುದು, ಮಗುವಿಗೆ ಏನು ಉಣಿಸಬೇಕು, ಭೇದಿಯಾದರೆ ಏನು ಕುಡಿಸಬೇಕು, ಇಂಥವು. ಹೊಲಿಗೆಯ ಮಷಿನ್ನು ಎರಡಿದ್ದವು. ಅದರಲ್ಲಿ ಒಂದಕ್ಕೆ ಸದಾ ಬೆಲ್ಟು ಜಾರುತ್ತಿತ್ತು.

ಒಬ್ಬಳು ಅಲ್ಲಿ ಒಂದು ವರ್ಷ ಇರಬಹುದು. ವರ್ಷ ತುಂಬುವ ಮುಂಚೆ ಹದಿನೈದು ದಿನ ಹಿಂದಿನ ಖೋಲಿಯಲ್ಲಿ ಇರಬೇಕು. ಅದು ಕಂಪೌಂಡಿನ ಮೂಲೆಯಲ್ಲಿ, ಬೇವಿನ ಮರದ ಪಕ್ಕ, ಮೊದಲು ಸಾಮಾನು ತುಂಬುತ್ತಿದ್ದ ಕೋಣೆ. ಒಳಗೆ ಚಿಲಕವಿಲ್ಲದ ಒಂದು ಬಾಗಿಲು, ಒಂದು ಕಿಟಕಿ, ಒಂದು ಒಲೆ. ಅಲ್ಲಿ ತಾಯಿ ತನ್ನ ಮಗುವಿನ ಜೊತೆ ತಾನೇ ಸಂಸಾರ ನಡೆಸಬೇಕು. ಅಜ್ಜಿಯ ಅಡುಗೆಮನೆಗೆ ಕೈ ಚಾಚುವಂತಿಲ್ಲ. ಹದಿನೈದು ದಿನ ಸರಿಯಾಗಿ ನಡೆದರೆ ಸಂಸ್ಥೆಯವರು ಹೊರಗೆ ಬಾಡಿಗೆ ಮನೆ ಹುಡುಕಿ, ಮನೆ ಮಾಲೀಕರಿಗೆ ತಾವೇ ಜವಾಬ್ದಾರಿ ಎಂದು ಬರೆದುಕೊಡುತ್ತಾರೆ. ಗಂಡನಿಲ್ಲದ ಹುಡುಗಿಗೆ ಆ ಕಾಗದ ಇಲ್ಲದೆ ಯಾರೂ ಮನೆ ಕೊಡುವುದಿಲ್ಲ.

ಆ ಹದಿನೈದು ದಿನದ ರಿಜಿಸ್ಟರನ್ನು ಅಕ್ಕ ನನ್ನ ಕೈಗೆ ಕೊಟ್ಟರು. "ನಿನಗ ಹೆಂಗಿದ್ರೂ ಗೆರಿ ಎಳಿಯೋ ಚಟ ಐತಿ. ಇದನ್ನೂ ಎಳಿ" ಎಂದರು. ಫಾರಂ ಬೆಂಗಳೂರಿನಲ್ಲಿ ಅಚ್ಚಾದದ್ದು. ಕಸ ಗುಡಿಸಿದ್ದಾರೆಯೇ, ನೀರು ತುಂಬಿದ್ದಾರೆಯೇ, ಬೆಳಿಗ್ಗೆ ಒಲೆ ಹೊತ್ತಿಸಿ ಮಗುವಿಗೆ ಅಡುಗೆ ಮಾಡಿದ್ದಾರೆಯೇ, ಮಗು ಅಂಗನವಾಡಿಗೆ ಹೋಗಿದೆಯೇ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಕೊನೆಗೆ ಟಿಪ್ಪಣಿಗೆಂದು 'ಷರಾ' ಎಂಬ ಅಗಲವಾದ ಕಾಲಂ. ಅದರಲ್ಲಿ ಏನು ಬರೆಯಬೇಕೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ರಿಜಿಸ್ಟರ್ ಹಿಡಿದ ಮೇಲೆ ಖೋಲಿಗೆ ಮೊದಲು ಹೋದವಳು ಮೆಟ್ರಿ ಎಂಬ ಹಳ್ಳಿಯ ಹುಡುಗಿ. ಕಂಪ್ಲಿ ಕಡೆಯ ಮಾತು, ಚುರುಕು ನಾಲಿಗೆ, ನನಗಿಂತ ಒಂದು ವರ್ಷ ಚಿಕ್ಕವಳು. ಅವಳ ಮಗಳಿಗೆ ಎರಡೂವರೆ ವರ್ಷ. ಗಂಡ ಇನ್ನೊಬ್ಬಳನ್ನು ಕರೆತಂದಿದ್ದ. ಇವಳು ಮಗುವನ್ನು ಎತ್ತಿಕೊಂಡು ಮೆಟ್ರಿಯ ಅಣ್ಣನ ಮನೆಗೆ ಹೋದಾಗ, ಮಕ್ಕಳಿಲ್ಲದ ಅತ್ತಿಗೆ, "ಕೂಸನ್ನ ಬಿಟ್ಟು ಹೋಗು, ನಾವು ಸಾಕ್ತೀವಿ. ನಿನಗ ಇಲ್ಲಿ ಜಾಗ ಇಲ್ಲ" ಎಂದಿದ್ದಳಂತೆ. ಈಗ ಅವಳ ವರ್ಷ ಮುಗಿಯುತ್ತ ಬಂದಿತ್ತು. ಹಂಪಿಯ ಒಂದು ಗೆಸ್ಟ್‌ಹೌಸಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಸಿಕ್ಕಿ ಆಗಲೇ ಹೋಗುತ್ತಿದ್ದಳು, ಬುಧವಾರ ರಜೆ. ಹಂಪಿಗೆ ಹೋಗುವ ರಸ್ತೆಯ ಪಕ್ಕದ ಓಣಿಯಲ್ಲಿ ಒಂದು ಖೋಲಿಯನ್ನೂ ಅಕ್ಕ ನೋಡಿಟ್ಟಿದ್ದರು. ಎದುರಿಗೇ ಅಂಗನವಾಡಿ. ಮಾಲೀಕರು ಹದಿನೈದು ದಿನ ಮುಗಿದ ಮೇಲಿನ ಸೋಮವಾರದವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು. ಆ ಕಾಗದ ಸಿಗದಿದ್ದರೆ ಮಗು ಅಣ್ಣನ ಮನೆಗೆ ಹೋಗಬೇಕಿತ್ತು, ಒಂಟಿಯಾಗಿ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ರಿಜಿಸ್ಟರ್ ಬರೆದ ಬಗೆಯನ್ನು ಹೇಳಬೇಕು.

ದಿನಾ ಬೆಳಿಗ್ಗೆ ಎಂಟಕ್ಕೆ ಮಗನನ್ನು ಸೊಂಟಕ್ಕೆ ಏರಿಸಿಕೊಂಡು, ಪೆನ್ನು ಹಿಡಿದು ಹಿಂದಿನ ಖೋಲಿಗೆ ಹೋಗುತ್ತಿದ್ದೆ. ಅವಳು ನನ್ನನ್ನು ಕಂಡ ಕೂಡಲೇ ಮಗಳಿಗೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದಳು: "ಏಳವಾ, ನೆಟ್ಟಗ ಕುಂದ್ರು. ಶಾನಭೋಗಕ್ಕ ಬಂದ್ಳು, ಕಂದಾಯ ಕೇಳ್ತಾಳ."

ಮೊದಲ ದಿನ ನಗು ಬಂತು. ಮೂರನೆಯ ದಿನ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ನಾಲ್ವರೂ ನಕ್ಕರು. ನನಗೆ ಸಿಟ್ಟು ಬಂತು. ಅಂದಿನಿಂದ ನಾನು ಹೊಸ್ತಿಲು ದಾಟಲಿಲ್ಲ. ಕಿಟಕಿಯಿಂದಲೇ ಒಲೆ ನೋಡುತ್ತಿದ್ದೆ. ತಣ್ಣಗಿದ್ದರೆ 'ಇಲ್ಲ' ಎಂದು ಬರೆದು ತಿರುಗುತ್ತಿದ್ದೆ.

ಒಲೆ ತಣ್ಣಗೇ ಇರುತ್ತಿತ್ತು. ಎರಡನೆಯ ದಿನ ಇಲ್ಲ. ಮೂರು, ನಾಲ್ಕು, ಐದು ಇಲ್ಲ. ಆರನೆಯ ದಿನ ಕಿಟಕಿಯಲ್ಲಿ ನಿಂತಾಗ ಮಗು ಮೂಲೆಯಲ್ಲಿ ಕೂತು ಏನನ್ನೋ ಕಟಕಟ ಕಡಿಯುತ್ತಿತ್ತು. ಅವಳು ಮಗುವಿಗೂ ಕಿಟಕಿಗೂ ನಡುವೆ ಬಂದು ನಿಂತಳು.

"ಏನ ನೋಡ್ತಿ?"

"ಒಲಿ ನೋಡ್ತೀನಿ."

"ನೋಡಿದ್ಯಲ್ಲ, ಬರ್ಕೊ."

ಬರೆದುಕೊಂಡೆ. ಮಗು ಏನು ತಿನ್ನುತ್ತಿದೆ ಎಂದು ಒಂದು ಮಾತು ಕೇಳಬಹುದಿತ್ತು. ಕಾಲಂ ಕೇಳಿದ್ದು ಒಲೆಯನ್ನು. ನನಗೂ ಅಷ್ಟೇ ಸಾಕಾಗಿತ್ತು. ಹದಿನೈದು ಬೆಳಗು ಮುಗಿದಾಗ ಒಲೆಯ ಸಾಲಿನಲ್ಲಿ 'ಹೌದು' ನಾಲ್ಕು, 'ಇಲ್ಲ' ಹನ್ನೊಂದು. ಕೂಡಿಸಿ ಕೆಳಗೆ ಎರಡು ಗೆರೆ ಎಳೆದೆ. ಅಕ್ಷರ ದುಂಡಗೆ ಬಂದಿತ್ತು ಎಂದು ಖುಷಿಪಟ್ಟದ್ದೂ ನನ್ನ ದಿನಚರಿಯಲ್ಲಿದೆ.

ಶನಿವಾರ ಬಳ್ಳಾರಿಯಿಂದ ಮೇಡಂ ಬಂದರು. ತಿಂಗಳಿಗೊಮ್ಮೆ ಬಂದು ಯಾರು ಹೊರಗೆ ಹೋಗಬಹುದು ಎಂದು ತೀರ್ಮಾನಿಸುವವರು ಅವರೇ. ಊರು ಮೈಸೂರು ಕಡೆ. ಒಳ್ಳೆಯವರು, ಆದರೆ ಅವಸರ. ತರಗತಿಯ ಕೋಣೆಯಲ್ಲಿ ಮೇಜು ಹಾಕಿ ಕೂತರು. ಪಕ್ಕದಲ್ಲಿ ಅಕ್ಕ, ಎದುರಿಗೆ ಮಗಳೊಂದಿಗೆ ಮೆಟ್ರಿಯ ಹುಡುಗಿ, ಬಾಗಿಲ ಬಳಿ ರಿಜಿಸ್ಟರಿನ ಕಾರಣಕ್ಕೆ ನಾನು. ಅಜ್ಜಿ ಚಹಾ ತಂದು ಅಲ್ಲೇ ನಿಂತರು.

ಮೇಡಂ ಬೆರಳಿಟ್ಟು ಓದುತ್ತ ಬಂದು ಒಲೆಯ ಸಾಲಿಗೆ ನಿಂತರು.

"ಇದೇನಮ್ಮ? ಹನ್ನೊಂದು ದಿನ ಬೆಳಿಗ್ಗೆ ಒಲೆನೇ ಹಚ್ಚಿಲ್ಲ. ಮಗು ಏನು ತಿಂತು?"

"ತಿಂದಾಳ್ರಿ."

"ಅದೇ, ಏನು?"

"ಇದ್ದದ್ದು ತಿಂದಾಳ್ರಿ."

"ಇಲ್ಲಿ ಇಷ್ಟು ಜನರ ಮಧ್ಯೆನೇ ಹೀಗಾದ್ರೆ, ಹೊರಗೆ ಒಬ್ಬಳೇ ಇದ್ದಾಗ ಮಗು ಗತಿ ಏನು? ನಾನು ಹೇಗೆ ಸಹಿ ಹಾಕಲಿ, ನೀವೇ ಹೇಳಿ." ಕೊನೆಯ ಮಾತು ಅಕ್ಕನಿಗೆ.

ಅಕ್ಕ ನನ್ನ ಕಡೆ ನೋಡಿದರು. ನಾನು ರಿಜಿಸ್ಟರಿನ ಕಡೆ ನೋಡಿದೆ. ಮೆಟ್ರಿಯ ಹುಡುಗಿ ತಲೆ ತಗ್ಗಿಸಿದ್ದಳು.

ಅಷ್ಟರಲ್ಲಿ ಮಗು ತಾಯಿಯ ಚೀಲ ಜಗ್ಗಿತು. "ಯವ್ವಾ, ಲೊಟ್ಟಿ."

"ಸುಮ್ನ ಕುಂದ್ರು" ಎಂದು ಅವಳು ಕೈ ಸರಿಸಿದಳು. ಮಗು ಕೇಳಲಿಲ್ಲ. ಚೀಲದಿಂದ ಬಟ್ಟೆಯ ಗಂಟನ್ನು ಎಳೆದು, ಬಿಚ್ಚಿ, ಒಳಗಿನದನ್ನು ಮುರಿಯಿತು. ಕಟ್ಟನೆ ಸದ್ದಾಯಿತು. ಜೋಳದ ಖಡಕ್ ರೊಟ್ಟಿ. ಹಪ್ಪಳದಷ್ಟು ತೆಳ್ಳಗೆ, ಒಂದು ಕಡೆಯೂ ಕರಕಾಗದ್ದು.

ಅಜ್ಜಿ ಚಹಾದ ತಟ್ಟೆ ಕೆಳಗಿಟ್ಟರು. "ಲೇ, ಇದು ನನ್ನ ರೊಟ್ಟಿ ಅಲ್ಲ. ಇಷ್ಟು ತೆಳ್ಳಗ ನನ್ನ ಕೈಲೆ ಬರಂಗಿಲ್ಲ. ಯಾರು ಬಡ್ದಿದ್ದು?"

"ನಾನಽ ಅಜ್ಜಿ."

"ಯಾವಾಗ?"

ಅವಳು ಮಗಳ ಕೈಯಿಂದ ಗಂಟು ತೆಗೆದುಕೊಂಡಳು. "ಬುಧವಾರ. ಸೂಟಿ ಇರತೈತಲ್ಲ, ಪ್ರತಿ ವಾರ ವಾರಕ್ಕಾಗೋವಷ್ಟು ಒಮ್ಮೆಗಽ ಬಡ್ದಿಡ್ತೀನಿ."

"ಬುಧವಾರದ್ದನ್ನ ಶನಿವಾರ ಮಗುಗೆ ಕೊಡ್ತೀಯಾ?" ಎಂದರು ಮೇಡಂ.

ಆಗ ಅವಳು ಅತ್ತುಬಿಟ್ಟಳು. "ಅದಕ್ಕಽ ಹೇಳಿಲ್ರಿ. ಆ ಊಟದ ಕ್ಲಾಸ್ ಟೀಚರು, ನಾಲ್ಕು ತಾಸಿನ ಮ್ಯಾಲಿನದು ಕೂಸಿಗೆ ಹಾಕಬ್ಯಾಡ್ರಿ, ವಿಷ ಆಗತೈತಿ ಅಂದ್ರು. ನಂದು ನಾಲ್ಕು ದಿನದ್ದು. ಗೊತ್ತಾದ್ರ ಕೂಸನ್ನ ಕಸ್ಕೊಂಡು ನಮ್ಮಣ್ಣನ ಮನಿಗೆ ಕಳಸ್ತೀರಂತ ಬಚ್ಚಿಟ್ಟಿದ್ದೆ. ನಮ್ಮ ಕಡಿ ಎಲ್ಲಾರೂ ಹಿಂಗಽ ತಿಂತಾರ್ರಿ. ಮೊಸರಾಗ ನೆನಸಿ, ಶೇಂಗಾ ಚಟ್ನಿ ಹಚ್ಚಿ ಕೊಡ್ತೀನಿ. ಸಂಜಿಗೆ ಬಿಸಿ ಅನ್ನ ಸಾರು ಮಾಡ್ತೀನಿ. ನಾನು ಕೂಸನ್ನ ಉಪವಾಸ ಕೆಡವಿಲ್ರಿ."

ಆ ತರಗತಿಯಲ್ಲಿ ನಾನೂ ಕೂತಿದ್ದೆ. ಟೀಚರು ಹೇಳಿದ್ದು ಅನ್ನ, ಸಾರು, ಹಾಲಿನ ಬಗ್ಗೆ. ಖಡಕ್ ರೊಟ್ಟಿಯ ಮಾತು ಅವರು ಎತ್ತಲೇ ಇಲ್ಲ, ನಾವು ಯಾರೂ ಕೇಳಲಿಲ್ಲ.

"ಮೇಡಂ, ನೀರು ತಾಕದಿದ್ರ ಇದಕ್ಕ ಹದಿನೈದು ದಿನ ಏನೂ ಆಗಂಗಿಲ್ರಿ" ಎಂದರು ಅಜ್ಜಿ. "ನೀವೂ ಎರಡು ಒಯ್ರಿ ಬೇಕಾದ್ರ."

ಮೇಡಂ ಒಂದು ಚೂರು ಮುರಿದು ಮೂಸಿ ನೋಡಿದರು. ತಿನ್ನಲಿಲ್ಲ. "ಇರಬಹುದು. ಆದರೆ ರಿಜಿಸ್ಟರಲ್ಲಿ ಇಲ್ಲ ಅಂತಿದೆ. ಅದನ್ನ ನಾನು ತಿದ್ದೋಕಾಗಲ್ಲ. ಇನ್ನೊಂದು ಹದಿನೈದು ದಿನ ಇರಲಿ ಬಿಡಿ."

"ಸೋಮವಾರ ಆ ಮನಿ ಹೋಗತೈತ್ರಿ" ಎಂದರು ಅಕ್ಕ.

ನಾನು ಬಾಗಿಲು ಬಿಟ್ಟು ಮೇಜಿನ ಹತ್ತಿರ ಹೋದೆ. "ಮೇಡಂ, ಷರಾ ಕಾಲಂ ಖಾಲಿ ಬಿಟ್ಟೀನ್ರಿ. ಅದು ನನ್ನ ತಪ್ಪು. ಮಗು ತಿನ್ನೋದನ್ನ ಆರನೇ ದಿನ ನಾನು ನೋಡೀನಿ. ಬರೀಲಿಲ್ಲ."

"ಯಾಕೆ ಬರೀಲಿಲ್ಲ?"

"ನನಗ ಶಾನಭೋಗಕ್ಕ ಅಂತಿದ್ಲು. ಸಿಟ್ಟು ಬಂದಿತ್ರಿ."

ಅಕ್ಕ ಮುಖ ಆಚೆ ತಿರುಗಿಸಿದರು. ನಕ್ಕರೋ ಬೇಸರಪಟ್ಟರೋ ತಿಳಿಯಲಿಲ್ಲ. ಮೇಡಂ ನಗಲಿಲ್ಲ. ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮಗುವಿನ ತೂಕದ ಕಾರ್ಡ್ ತನ್ನಿ" ಎಂದರು. ಅಕ್ಕ ಬೀರುವಿನಿಂದ ತಂದುಕೊಟ್ಟರು. ಮೂರು ತಿಂಗಳಿನ ಮೂರು ಚುಕ್ಕೆಗಳು. ಒಂದಕ್ಕಿಂತ ಒಂದು ಮೇಲೆ. ಅಂಗನವಾಡಿಗೆ ರಜೆ ಇಲ್ಲದ ದಿನ ಒಂದನ್ನೂ ಮಗು ತಪ್ಪಿಸಿರಲಿಲ್ಲ. ಅದನ್ನೂ ಬರೆದವಳು ನಾನೇ. ಆದರೆ ಆ ಸಾಲನ್ನು ಅವತ್ತಿನವರೆಗೆ ಯಾರೂ ಓದಿರಲಿಲ್ಲ.

"ಪೆನ್ನು ತಗೋ" ಎಂದರು ಮೇಡಂ. "ಹನ್ನೊಂದು ದಿನಕ್ಕೂ ಷರಾ ಬರಿ. ಅವಳನ್ನ ಕೇಳಿ ಬರಿ. ಪಕ್ಕದಲ್ಲಿ ಸಹಿ ಹಾಕು."

ನಾವಿಬ್ಬರೂ ನೆಲದ ಮೇಲೆ ಕೂತೆವು. ನಾನು ದಿನ ಹೇಳುತ್ತಿದ್ದೆ, ಅವಳು ನೆನಪು ಮಾಡಿಕೊಂಡು ಹೇಳುತ್ತಿದ್ದಳು. ರೊಟ್ಟಿ, ಮೊಸರು. ರೊಟ್ಟಿ, ಬೆಲ್ಲ, ತುಪ್ಪ. ಒಂಬತ್ತನೆಯ ದಿನಕ್ಕೆ "ರೊಟ್ಟಿ, ಹಂಪಿ ಬಾಳಿಹಣ್ಣು. ಗೆಸ್ಟ್‌ಹೌಸ್ ಅಮ್ಮ ಕೊಟ್ಟಿದ್ದು" ಎಂದಳು. ಬರೆದೆ. ಏಳನೆಯ ಸಹಿ ಹಾಕುವಾಗ ಕಿವಿಯ ಹತ್ತಿರ ಬಂದು, "ಸಹಿ ಭಾರಿ ಐತಲ್ಲ, ತಹಶೀಲ್ದಾರರದು ಇದ್ದಂಗ" ಎಂದಳು. ಕಣ್ಣು ಇನ್ನೂ ಒದ್ದೆಯಾಗಿತ್ತು. ನನಗೆ ಈ ಸಲ ಸಿಟ್ಟು ಬರಲಿಲ್ಲ.

ಮೇಡಂ ಕಾಗದಕ್ಕೆ ಸಹಿ ಹಾಕಿದರು. ಮೂರು ತಿಂಗಳು ವಾರಕ್ಕೊಮ್ಮೆ ಅಕ್ಕ ಹೋಗಿ ನೋಡಬೇಕು ಎಂಬ ಷರತ್ತಿನ ಮೇಲೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಒಂದೇ ಆಟೋದಲ್ಲಿ ಅವಳ ಸಂಸಾರವೆಲ್ಲ ಹೋಯಿತು. ಟ್ರಂಕು ಒಂದು, ಬಕೆಟ್ಟು ಎರಡು, ಕೌದಿ ಮೂರು, ಪಾತ್ರೆಯ ಚೀಲ ಒಂದು. ಅಕ್ಕ ಮುಂದೆ ಕೂತರು. ನಾವಿಬ್ಬರೂ ಮಕ್ಕಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ. ಮನೆಯ ಮಾಲೀಕರು ಕಾಗದವನ್ನು ಎರಡು ಸಲ ಓದಿ, ಮಡಚಿ ಜೇಬಿಗೆ ಹಾಕಿಕೊಂಡು ಕೀಲಿ ಕೊಟ್ಟರು. ನೀರು ಬರುವ ಹೊತ್ತು ಹೇಳಿ ಹೊರಟರು.

ಸಾಮಾನು ಇಳಿಸಿದ ಮೇಲೆ ಅವಳು ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. "ಅಕ್ಕಾ, ಒಂದೀಟು ನಿಂದರ್ರಿ" ಎಂದು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ನಾನು ಬಡಿಯಲು ಕೈ ಎತ್ತಿದೆ. ಅಕ್ಕ ಬೇಡ ಎಂದು ತಲೆಯಾಡಿಸಿದರು. ಆಟೋದವನು ಹಾರ್ನ್ ಹೊಡೆದ. ಎದುರಿನ ಅಂಗನವಾಡಿಯಲ್ಲಿ ಮಕ್ಕಳು ಕೂಗುತ್ತಿದ್ದರು. ಎಷ್ಟು ಹೊತ್ತು ನಿಂತೆವೋ ನಾನು ಗಡಿಯಾರ ನೋಡಲಿಲ್ಲ. ಒಳಗೆ ತಾಯಿ, ಮಗಳು ಇಬ್ಬರೂ ನಗುತ್ತಿರುವುದು ಬಾಗಿಲ ಸಂದಿಯಿಂದ ಕೇಳುತ್ತಿತ್ತು.