ಸರಾಯಿಯ ಗಲ್ಲಾದಿಂದ ಹದಿನಾಲ್ಕು ಹೆಜ್ಜೆ

ವಡೋದರಾದಿಂದ ಗೋರ್ವಾ ಕಡೆ ಹೋಗುವ ಬಸ್ಸಿನ ಕಂಡಕ್ಟರು ಆ ಜಾಗ ಬಂದಾಗ ಸೂರಜ್ ಸರಾಯಿ ಎಂದು ಕೂಗುತ್ತಿದ್ದ. ಇಳಿಯುವವರು ಇಳಿಯುತ್ತಿದ್ದರು. ಎದುರಿನ ಔಷಧಿ ಅಂಗಡಿಯ ಬೋರ್ಡಿನ ಮೇಲೆ ಸರಾಯಿ ಎದುರು ಎಂದು ಬರೆದಿತ್ತು. ಆದರೆ ಸರಾಯಿ ಎನ್ನುವ ಆ ಹಳೆಯ ಪ್ರಯಾಣಿಕರ ಛತ್ರ ಇರಲಿಲ್ಲ. ಐದು ವರ್ಷದಿಂದ ಇರಲಿಲ್ಲ. ಅಲ್ಲಿದ್ದದ್ದು ಜಾಲಿಗಿಡ, ಇಟ್ಟಿಗೆ ಚೂರು, ನಾಲ್ಕಾರು ಆಡು, ಮತ್ತು ಚೊಂಬು ಹಿಡಿದು ಬರುವ ಜನ.

೧೯೮೩ರ ಸೆಪ್ಟೆಂಬರಿನಲ್ಲಿ ಆ ಬಯಲಿನ ನಡುವೆ ನಿಂತು ಲಿಂಗರಾಜ ಹೊಸಮನಿ ತಲೆ ಕೆರೆದುಕೊಂಡ. ನವಲಗುಂದದವನು, ವಯಸ್ಸು ಮೂವತ್ತೇಳು. ಟೆಲಿಫೋನ್ ಖಾತೆಯಲ್ಲಿ ಕೇಬಲ್ ಜಾಯಿಂಟರ್. ನೆಲದೊಳಗಿನ ಕೇಬಲ್ಲಿನ ಎರಡು ತುದಿ ತಂದು, ಕಾಗದ ಸುತ್ತಿದ ನೂರಾರು ಎಳೆಗಳನ್ನು ಒಂದೊಂದಾಗಿ ಹೆಣೆದು, ಮೇಲೆ ಸೀಸದ ಕೊಳವೆ ಹೊದಿಸಿ, ಬ್ಲೋಲ್ಯಾಂಪಿನ ಬೆಂಕಿಯಲ್ಲಿ ಬೆಸುಗೆ ಹಾಕಿ, ಇಟ್ಟಿಗೆ ಹೊಚ್ಚಿ ಮಣ್ಣು ಮುಚ್ಚುವುದು ಅವನ ಕೆಲಸ. ಮುಚ್ಚಿದ ಮೇಲೆ ಜಾಯಿಂಟು ಎಲ್ಲಿದೆ ಎಂದು ದೇವರಿಗೂ ತಿಳಿಯುವುದಿಲ್ಲ. ಅದಕ್ಕೇ ಜಾಯಿಂಟರುಗಳು ಪಕ್ಕದ ಯಾವುದಾದರೂ ಗಟ್ಟಿ ಕಟ್ಟಡದ ಮೂಲೆಯಿಂದ ಅಳೆದು ಡೈರಿಯಲ್ಲಿ ಬರೆದಿಡುತ್ತಾರೆ. ಇಷ್ಟು ಅಡಿ ಮುಂದೆ, ಇಷ್ಟು ಅಡಿ ಬಲಕ್ಕೆ.

ಆ ತಿಂಗಳ ಮಳೆಗೆ ಸರಾಯಿ ಹತ್ತಿರದ ಜಾಯಿಂಟಿಗೆ ನೀರು ಹೊಕ್ಕು ಮುನ್ನೂರು ಫೋನು ಸತ್ತಿದ್ದವು. ೧೯೭೨ರಲ್ಲಿ ಆ ಜಾಯಿಂಟು ಹಾಕಿದವನು ಲಿಂಗರಾಜನೇ. ಅವನ ಮೇಲಧಿಕಾರಿ ಪಂಡ್ಯಾ ಸಾಹೇಬರು ಡೈರಿ ತರಿಸಿ ಆ ಪುಟ ಓದಿಸಿದರು. "ಮಾಧವಣ್ಣನ ಗಲ್ಲಾದಿಂದ ರಸ್ತೆ ಕಡೆ ನೆಟ್ಟಗೆ ಹದಿನಾಲ್ಕು ಹೆಜ್ಜೆ." ಅಷ್ಟೇ ಇತ್ತು.

ಸಾಹೇಬರು ಹಿಂದಿಯಲ್ಲಿ ಗಲ್ಲಾ ಎಲ್ಲಿದೆ ಎಂದು ಕೇಳಿದರು. ಲಿಂಗರಾಜ ಇದ್ದ ಮಾತನ್ನೇ ಹೇಳಿದ. ಸರಾಯಿಯಲ್ಲಿದ್ದ ಮಾಧವಣ್ಣನ ಹೋಟೆಲಿನ ಗಲ್ಲಾ ಈಗ ಸೂರತ್ತಿನ ಉಧ್ನಾದಲ್ಲಿದೆ.

ಸಾಹೇಬರು ನಗಲಿಲ್ಲ. ನಗುವ ವಿಷಯವೂ ಅಲ್ಲ. ಲಿಂಗರಾಜನ ಕೈಯಲ್ಲಿ ಹುಬ್ಬಳ್ಳಿಗೆ ವರ್ಗಾವಣೆಯ ಆರ್ಡರ್ ಇತ್ತು. ಅದು ಅದಲುಬದಲಿನ ವರ್ಗ. ಗುಜರಾತಿಗೆ ಬರಲು ಒಪ್ಪುವ ಜಾಯಿಂಟರೊಬ್ಬ ಹುಬ್ಬಳ್ಳಿಯಲ್ಲಿ ಸಿಗಲು ಆರು ವರ್ಷ ಹಿಡಿದಿತ್ತು. ಮಗಳು ತಾರಾ ಕನ್ನಡದಲ್ಲಿ ಕೇಳಿದ್ದಕ್ಕೆ ಗುಜರಾತಿಯಲ್ಲಿ ಉತ್ತರ ಕೊಡತೊಡಗಿದ್ದಳು. ಹೆಂಡತಿ ಸುಲೋಚನಾ ಆರ್ಡರಿನ ಸುದ್ದಿ ಕೇಳಿ ಜೂನ್‌ನಲ್ಲೇ ಮಗಳನ್ನು ಕರೆದುಕೊಂಡು ಹೋಗಿ ಧಾರವಾಡದ ಶಾಲೆಗೆ ಹಾಕಿದ್ದಳು. ಸೆಪ್ಟೆಂಬರ್ ಮೂವತ್ತರೊಳಗೆ ಇಲ್ಲಿಂದ ಬಿಡುಗಡೆ ಆಗದಿದ್ದರೆ ಆರ್ಡರ್ ರದ್ದು. ಜಾಯಿಂಟು ಸಿಕ್ಕು ಫೋನು ಮಾತಾಡಿದ ಮೇಲೆಯೇ ಬಿಡುಗಡೆ ಕಾಗದಕ್ಕೆ ಸಹಿ ಎಂದು ಸಾಹೇಬರು ಹೇಳಿಬಿಟ್ಟರು. ಆವತ್ತು ತಾರೀಖು ಹದಿನೆಂಟು.

ಉದ್ದಕ್ಕೂ ಅಗೆದು ನೋಡಬಹುದಿತ್ತಲ್ಲ ಎಂದರೆ, ಅದೂ ಆಗುವಂತಿರಲಿಲ್ಲ. ಸರಾಯಿ ಒಂದು ಟ್ರಸ್ಟಿನ ಆಸ್ತಿ. ಐದು ಮಹಡಿಯ ಅಂಗಡಿ ಕಟ್ಟುತ್ತೇವೆ, ಹಳಬರಿಗೆಲ್ಲ ಜಾಗ ಕೊಡುತ್ತೇವೆ ಎಂದು ೧೯೭೮ರಲ್ಲಿ ಟ್ರಸ್ಟಿನವರು ಬಾಡಿಗೆದಾರರನ್ನು ಎಬ್ಬಿಸಲು ಬಂದರು. ಹನ್ನೊಂದು ಅಂಗಡಿಯವರು ಬಾಗಿಲಿಗೆ ಅಡ್ಡ ಕೂತರು. ಒಂಬತ್ತು ದಿನ ಕೂತರು. ಹತ್ತನೆಯ ದಿನ ಪೊಲೀಸ್ ಗಾಡಿ ಬಂದು ಹತ್ತಿಸಿಕೊಂಡು ಹೋಯಿತು. ಸಂಜೆ ಬಿಟ್ಟಾಗ ಬಂದು ನೋಡಿದರೆ ಮಾಡು ಇರಲಿಲ್ಲ. ಕೆಡವಲು ಎಂಟು ದಿನ ಸಾಕಾಯಿತು. ಕಟ್ಟುವ ಹೊತ್ತಿಗೆ ಟ್ರಸ್ಟಿನವರು ತಮ್ಮತಮ್ಮಲ್ಲೇ ಕಚ್ಚಾಡಿ ಕೋರ್ಟಿಗೆ ಹೋದರು. ಇದ್ದದ್ದು ಇದ್ದಹಾಗೆ ಇರಲಿ ಎಂದು ತಡೆಯಾಜ್ಞೆ ಬಂತು. ಇದ್ದದ್ದು ಏನೂ ಇರಲಿಲ್ಲ. ಅದನ್ನೇ ಕಾಯಲು ಒಬ್ಬ ವಾಚ್‌ಮನ್ ಕೂತಿದ್ದ. ಟೆಲಿಫೋನ್ ಖಾತೆ ಕಾಡಿ ಬೇಡಿದ್ದಕ್ಕೆ ಒಂದೇ ಒಂದು ಗುಂಡಿಗೆ ಅಪ್ಪಣೆ ಸಿಕ್ಕಿತು. ಆರಡಿ ಉದ್ದ, ನಾಲ್ಕಡಿ ಅಗಲ. ಎರಡನೆಯದು ತೋಡುವಂತಿಲ್ಲ.

ಆ ಒಂದು ಗುಂಡಿ ಎಲ್ಲಿ ತೋಡಬೇಕು? ಬಯಲು ಅಡ್ಡಕ್ಕೆ ಮುನ್ನೂರು ಅಡಿ ಇತ್ತು. ಲಿಂಗರಾಜ ಈ ಸರಾಯಿಯ ಹೋಟೆಲಿನಲ್ಲಿ ಆರು ವರ್ಷ ದಿನಕ್ಕೆರಡು ಸಲ ಕಾಫಿ ಕುಡಿದವನು. ಕಣ್ಣು ಮುಚ್ಚಿಕೊಂಡರೆ ಮೆಟ್ಟಿಲು, ಬಾಗಿಲು, ಗಲ್ಲಾ ಎಲ್ಲ ಕಾಣುತ್ತಿತ್ತು. ತೆಗೆದರೆ ಆಡು.

ಮರುದಿನ ರೈಲು ಹಿಡಿದು ಉಧ್ನಾಕ್ಕೆ ಹೋದ. ಮಾಧವ ಶೆಟ್ಟರ ಹೋಟೆಲು ಪವರ್‌ಲೂಮುಗಳ ನಡುವೆ ಇತ್ತು. ಮಗ್ಗದ ಸದ್ದಿಗೆ ಗಿರಾಕಿಗಳು ದೋಸೆ ಬೇಕೆಂದರೆ ಬೆರಳಿನಲ್ಲೇ ತೋರಿಸಬೇಕು. ಶೆಟ್ಟರು ಕುಂದಾಪುರ ಕಡೆಯವರು, ಈಗ ಹೊಟ್ಟೆ ಬಂದಿತ್ತು. ಲಿಂಗರಾಜ ಬಂದ ಕೆಲಸ ಎರಡು ಸಲ ಹೇಳಬೇಕಾಯಿತು. ಮೊದಲನೆಯ ಸಲ ಕೇಳಿಸಲಿಲ್ಲ, ಎರಡನೆಯ ಸಲ ನಂಬಲಿಲ್ಲ.

"ನನ್ನ ಗಲ್ಲಾದಿಂದ ಸರ್ಕಾರದ ಕೇಬಲ್ ಅಳ್ದದ್ದಾ? ಎಂತ ಮನುಷ್ಯ ಮಾರಾಯ್ರೆ ನೀವು."

"ನೂರು ವರ್ಷದ ಕಟ್ಟಡ ಅಲ್ಲೇನ್ರೀ ಶೆಟ್ರ ಅದು. ಎಲ್ಲಿಗೆ ಓಡಿ ಹೋಗ್ತೈತಿ ಅಂತ ಮಾಡಿದ್ದೆ."

ಆ ಒಂಬತ್ತು ದಿನ ಬಾಗಿಲಿಗೆ ಅಡ್ಡ ಕೂತವರಲ್ಲಿ ಶೆಟ್ಟರೂ ಇದ್ದರು. ಮಗ್ಗಗಳಿಗೆ ರಜೆ ಇರುವ ದಿನ ಬಂದು ಜಾಗ ತೋರಿಸಿಕೊಡುತ್ತೇನೆ, ಅದೇನು ದೊಡ್ಡ ಮಾತು ಎಂದರು. ಒಳಗಿನಿಂದ ಹೆಂಡತಿ ಕಮಲಾ ಕೈ ಒರೆಸಿಕೊಳ್ಳುತ್ತ ಬಂದು ತಾನೂ ಬರುತ್ತೇನೆ ಎಂದಳು. "ಇವರೊಬ್ರನ್ನೇ ಕಳ್ಸಿದ್ರೆ ಬೇರೆ ಯಾರದ್ದೋ ಹೋಟ್ಲಿನ ಜಾಗ ತೋರ್ಸಿ ಬರ್ತಾರೆ."

ಬಂದ ದಿನ ಶೆಟ್ಟರು ಬಸ್ಸಿಳಿದವರೇ ಸ್ವಂತ ಮನೆಗೆ ಹೊಕ್ಕಂತೆ ಬಯಲಿಗೆ ನುಗ್ಗಿದರು. ಇಪ್ಪತ್ತು ಮಾರು ಹೋಗಿ ನಿಂತರು. ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಹಿಂದಕ್ಕೆ ಬಂದು ಮತ್ತೆ ಹೋದರು. ಇಲ್ಲಿ ಎಂದರು. ಆಮೇಲೆ ಅಲ್ಲ, ಅಲ್ಲಿ ಎಂದರು. ಆಮೇಲೆ, ಈ ಜಾಗ ಇಷ್ಟು ಸಣ್ಣದಿತ್ತಾ ಎಂದು ಲಿಂಗರಾಜನನ್ನೇ ಕೇಳಿದರು.

ಎದುರಿನ ಕ್ಷೌರದಂಗಡಿಯ ಮಗನ್‌ಭಾಯಿ ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಂದ. ಪಾನ್ ಅಂಗಡಿಯವನು ಬಂದ. ಹಿಂದೆ ಟಾಂಗಾ ಹೊಡೆಯುತ್ತಿದ್ದ ಮುದುಕನೊಬ್ಬ ಬಂದ. ಎಲ್ಲರೂ ಹುಟ್ಟಿದಾಗಿನಿಂದ ಸರಾಯಿ ನೋಡಿದವರೇ. ಮಗನ್‌ಭಾಯಿ ಹೆಬ್ಬಾಗಿಲು ತನ್ನ ಅಂಗಡಿಗೆ ಸರಿಯಾಗಿ ಎದುರಿತ್ತು ಎಂದ. ಪಾನಿನವನು ಅದು ತನ್ನ ಅಂಗಡಿಗೆ ಎದುರು ಎಂದ. ಎರಡರ ನಡುವೆ ಎಂಬತ್ತು ಅಡಿ. ಹೆಬ್ಬಾಗಿಲ ಮೇಲಿನ ಗಡಿಯಾರ ನಡುವೆ ಇತ್ತೋ ಎಡಕ್ಕಿತ್ತೋ ಎಂಬುದಕ್ಕೆ ಜಗಳ ಹತ್ತಿತು. ಟಾಂಗಾದ ಮುದುಕ ಬೀಡಿ ಹಚ್ಚಿ, ಗಡಿಯಾರವೇ ಇರಲಿಲ್ಲ, ಗಡಿಯಾರ ಇಡಲು ಬಿಟ್ಟ ದುಂಡನೆಯ ತೂತಿತ್ತು, ಅದರಲ್ಲಿ ಪಾರಿವಾಳ ಇದ್ದವು ಎಂದ. ಎಲ್ಲರೂ ಅವನನ್ನು ಬೈದರು. ಆದರೆ ಯಾರಿಗೂ ಮುಳ್ಳು ತಿರುಗಿದ್ದು ನೋಡಿದ ನೆನಪಿರಲಿಲ್ಲ.

ಲಿಂಗರಾಜನಿಗೆ ತಾನು ಕಾಫಿ ಕುಡಿದದ್ದಾದರೂ ಇಲ್ಲೇ ಹೌದೋ ಅಲ್ಲವೋ ಎನಿಸಿತು.

ಕಮಲಾ ಕೂಲಿಯವನ ಕೈಯಿಂದ ಹಾರೆ ತೆಗೆದುಕೊಂಡು ಬಯಲಿನ ಹಿಂಭಾಗಕ್ಕೆ ಹೋಗಿ ನೆಲಕ್ಕೆ ಚುಚ್ಚತೊಡಗಿದಳು. ವಾಚ್‌ಮನ್ ಓಡಿ ಬಂದು, ಒಂದೇ ಗುಂಡಿಗೆ ಅಪ್ಪಣೆ ಎಂದು ಗದರಿದ. ತಾನು ಅಗೆಯುತ್ತಿಲ್ಲ, ಚುಚ್ಚುತ್ತಿದ್ದೇನೆ, ಚುಚ್ಚಬಾರದು ಅಂತ ಎಲ್ಲಿ ಬರೆದಿದೆ ತೋರಿಸು ಎಂದು ಹಿಂದಿಯಲ್ಲಿ ಕೇಳಿದಳು. ಅವನು ಹೋಗಿ ಕೂತ.

ಅವಳು ಹುಡುಕುತ್ತಿದ್ದದ್ದು ಹಿಟ್ಟು ರುಬ್ಬುವ ಕಲ್ಲು. ಹೋಟೆಲಿನ ಕಲ್ಲೆಂದರೆ ಮನೆಯದರ ನಾಲ್ಕು ಪಟ್ಟು. ಅದನ್ನು ನೆಲದಲ್ಲಿ ಹೂತು, ಸುತ್ತ ಗಾರೆ ಹಾಕಿ ಕೂರಿಸಿದ್ದರು. ಖಾಲಿ ಮಾಡುವಾಗ ಮೇಲಿನ ಗುಂಡನ್ನಷ್ಟೇ ಎತ್ತಿಕೊಂಡು ಹೋಗಲಾಗಿತ್ತು. ಕೆಡವಿದವರು ಬಾಗಿಲು, ತೊಲೆ, ಕಬ್ಬಿಣ, ಒಳ್ಳೆಯ ಇಟ್ಟಿಗೆ ಎಲ್ಲ ಮಾರಿಕೊಂಡಿದ್ದರು. ಗುಜರಾತಿನಲ್ಲಿ ಆ ಕಲ್ಲನ್ನು ಯಾರು ಕೊಳ್ಳುತ್ತಾರೆ?

ಹಾರೆ ಎಷ್ಟೋ ಸಲ ಠಣ್ಣೆಂದಿತು. ಎಲ್ಲ ಇಟ್ಟಿಗೆ ಚೂರು. ಮಧ್ಯಾಹ್ನ ದಾಟಿದ ಮೇಲೆ ಒಂದು ಕಡೆ ಸದ್ದು ಬೇರೆಯಾಯಿತು. ಕಮಲಾ ಕೂತು ಕೈಯಲ್ಲೇ ಮಣ್ಣು ಸರಿಸಿದಳು. ನುಣ್ಣನೆಯ ಕರಿಗಲ್ಲು, ನಡುವೆ ಕುಳಿ, ಕುಳಿಯಲ್ಲಿ ಮಣ್ಣು. ಅದಕ್ಕೊಂದು ಬೈಗುಳ ಬೈದು, ಸೆರಗಿನಿಂದ ಮುಖ ಒರೆಸಿಕೊಂಡಳು.

ಇನ್ನು ಸುಲಭ ಎಂದು ಲಿಂಗರಾಜ ತಿಳಿದ. ಕಲ್ಲಿನಿಂದ ಗಲ್ಲಾಕ್ಕೆ ಎಷ್ಟು ದೂರ ಎಂದು ಕೇಳಿದ. ಶೆಟ್ಟರು ಏಳು ಹೆಜ್ಜೆ ಎಂದರು. ಕಮಲಾ ಹನ್ನೆರಡು ಎಂದಳು.

"ನೀವು ಒಳಗೆ ಯಾವಾಗ ಬಂದದ್ದು?" ಎಂದಳು ಗಂಡನಿಗೆ.

"ನೀನು ಹೊರಗೆ ಯಾವಾಗ ಬಂದದ್ದು?" ಎಂದರು ಅವರು.

ಎರಡೂ ನಿಜ. ಗಲ್ಲಾದಲ್ಲಿ ಕೂತವರು ಅಡುಗೆಮನೆಗೆ ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿದ್ದವಳು ಗಿರಾಕಿಗಳ ಮುಂದೆ ಹೋಗುತ್ತಿರಲಿಲ್ಲ. ನಡುವೆ ಗೋಡೆ, ಗೋಡೆಯಲ್ಲಿ ತಟ್ಟೆ ದಾಟಿಸುವ ಒಂದು ಕಿಟಕಿ. ಹದಿನೈದು ವರ್ಷ ಒಂದೇ ಹೋಟೆಲು ನಡೆಸಿದ ಗಂಡಹೆಂಡಿರು ಅರ್ಧರ್ಧ ಹೋಟೆಲು ನೋಡಿದ್ದರು.

ಕಮಲಾ ಕಲ್ಲಿನ ಮುಂದೆ ಕಾಲು ಚಾಚಿ, ರುಬ್ಬುವಾಗ ಕೂರುವ ಹಾಗೆ ಕೂತಳು. ಇಲ್ಲಿಂದ ತಲೆ ಎತ್ತಿದರೆ ಕಿಟಕಿಯಲ್ಲಿ ಗಂಡನ ಬೆನ್ನು, ಅವರ ಎಡ ಭುಜದ ಮೇಲೆ ರಸ್ತೆಯಾಚೆಯ ಮಗನ್‌ಭಾಯಿಯ ಕನ್ನಡಿ ಹೊಳೆಯುವುದು, ಅಷ್ಟೇ ಕಾಣುತ್ತಿತ್ತು ಎಂದಳು. ಮಗನ್‌ಭಾಯಿ ಅದೇ ಕನ್ನಡಿ, ಅದೇ ಮೊಳೆ ಎಂದು ಎದೆ ತಟ್ಟಿಕೊಂಡ. ಶೆಟ್ಟರನ್ನು ನಾಲ್ಕು ಇಟ್ಟಿಗೆಯ ಮೇಲೆ ರಸ್ತೆಗೆ ಮುಖ ಮಾಡಿ ಕೂರಿಸಿದರು. ಕಮಲಾ ಹಿಂದಿನಿಂದ ಹೇಳತೊಡಗಿದಳು. ಬಲಕ್ಕೆ. ಇನ್ನೂ ಬಲಕ್ಕೆ. ಕನ್ನಡಿ ಸರಿಯಾಯಿತು. ಮುಂದೆ ಹೋಗಿ. ಇನ್ನೂ ಮುಂದೆ. ಶೆಟ್ಟರು ಇಟ್ಟಿಗೆ ಎತ್ತಿಕೊಂಡು ಎದ್ದು, ಕೂತು, ಎದ್ದು, ಕೂತು ಏದುಸಿರು ಬಿಟ್ಟರು. ರಸ್ತೆಯಲ್ಲಿ ಜನ ನಿಂತು ನೋಡಿದರು.

"ಸಾಕು," ಎಂದಳು ಕಮಲಾ. "ಬೆನ್ನು ಆಗ ಇಷ್ಟೇ ದೊಡ್ಡ ಕಾಣ್ತಿತ್ತು."

ಲಿಂಗರಾಜ ಗುರುತು ಹಾಕಲು ಬಗ್ಗಿದವನು ಅಲ್ಲೇ ನಿಂತ. "ಅಕ್ಕಾರ, ಶೆಟ್ರು ಆಗ ಹಿಂಗ ಇದ್ದಿದ್ದಿಲ್ಲಲ್ರೀ. ತೆಳ್ಳಗಿದ್ರು."

ಶೆಟ್ಟರು ತಮ್ಮ ಹೊಟ್ಟೆ ನೋಡಿಕೊಂಡರು. ಆಗ ತೆಳ್ಳಗಿದ್ದ ಬೆನ್ನು ಇಷ್ಟು ಕಾಣಬೇಕಾದರೆ ಹತ್ತಿರ ಇದ್ದಿರಬೇಕು. ಹಾಗಾದರೆ ಈಗ ಹಿಂದಕ್ಕೆ ಸರಿಯಬೇಕೋ ಮುಂದಕ್ಕೋ? ಎಷ್ಟು? ಪಾನಿನವನು ಹಿಂದಕ್ಕೆ ಎಂದ, ಮಗನ್‌ಭಾಯಿ ಮುಂದಕ್ಕೆ ಎಂದ. ಕೊನೆಗೆ ಕಮಲಾ ಎರಡು ಹೆಜ್ಜೆ ಹಿಂದಕ್ಕೆ ಎಂದಳು. ಯಾಕೆ ಎರಡು ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದಳು.

ಅಲ್ಲಿಂದ ಹದಿನಾಲ್ಕು ಹೆಜ್ಜೆ ಹಾಕಬೇಕಾದವನು ಲಿಂಗರಾಜ. ಆ ಹೆಜ್ಜೆ ಇಪ್ಪತ್ತಾರು ವರ್ಷದ ಹುಡುಗನದ್ದು. ಈಗ ಹತ್ತಾರು ವರ್ಷ ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮೊಣಕಾಲು ಹಾಳಾಗಿತ್ತು. ಉದ್ದುದ್ದ ಹಾಕಿ ನಡೆದ. ಹೆಚ್ಚಾಯಿತು ಎನಿಸಿ ವಾಪಸು ಬಂದು ಮತ್ತೊಮ್ಮೆ ನಡೆದ. ಎರಡರ ನಡುವೆ ಗುರುತು ಹಾಕಿದ. ಜೀವನದಲ್ಲಿ ಇಷ್ಟು ಕೆಟ್ಟ ಅಳತೆ ಹಿಡಿದಿರಲಿಲ್ಲ.

ಕೂಲಿಗಳು ನಾಲ್ಕಡಿ ಅಗೆದರು. ಮಣ್ಣು. ನಾಲ್ಕೂವರೆ ಅಡಿ. ಮಣ್ಣು. ಲಿಂಗರಾಜ ಗುಂಡಿಗಿಳಿದು ಗೋಡೆಗಳನ್ನು ಕೈಯಿಂದ ಸವರಿದ. ಎಡಗೋಡೆಯ ತಳದಲ್ಲಿ ಒಂದು ಇಟ್ಟಿಗೆಯ ಮೂಲೆ ಬೆರಳಿಗೆ ತಗುಲಿತು. ಅದರ ಪಕ್ಕ ಇನ್ನೊಂದು. ಸಾಲಾಗಿ ಹೊಚ್ಚಿದ್ದು. ಜಾಯಿಂಟು ಅಪ್ಪಣೆಯಿದ್ದ ಆರಡಿಯ ಆಚೆ, ಪಕ್ಕದ ಮಣ್ಣಿನೊಳಗೆ ಮಲಗಿತ್ತು. ಗುಂಡಿ ಅಗಲಿಸುವಂತಿರಲಿಲ್ಲ. ವಾಚ್‌ಮನ್ ಮೇಲೆ ನಿಂತು ಟೇಪು ಹಿಡಿದಿದ್ದ. ಲಿಂಗರಾಜ ಮೇಲಿನ ಹುಲ್ಲು ಅಲುಗದಂತೆ ಹೆಗ್ಗಣದ ಹಾಗೆ ಅಡ್ಡಕ್ಕೆ ಕೊರೆದ. ಮೇಲಿನಿಂದ ಅಳೆದರೆ ಗುಂಡಿ ಆರಡಿಯೇ.

ಸೀಸ ಸೀಳಿತ್ತು. ಎರಡು ದಿನ ಆ ಕೊರೆದ ಬಿಲದೊಳಗೆ ಮಲಗಿ ಎಳೆ ಒಣಗಿಸಿ ಹೆಣೆದ. ಇಪ್ಪತ್ತಾರನೇ ತಾರೀಖಿಗೆ ಫೋನುಗಳು ಮಾತಾಡಿದವು. ತಡೆಯಾಜ್ಞೆಯ ಪ್ರಕಾರ ಗುಂಡಿಯನ್ನು ಮೊದಲಿನಂತೆಯೇ ಮಾಡಿಕೊಡಬೇಕಿತ್ತು. ವಾಚ್‌ಮನ್ ಒಪ್ಪುವವರೆಗೆ ಮಣ್ಣು ತುಂಬಿ ಮಟ್ಟ ಮಾಡಿ, ರುಬ್ಬುವ ಕಲ್ಲನ್ನೂ ಮುಚ್ಚಿಸಿದರು.

ಪಂಡ್ಯಾ ಸಾಹೇಬರು ಸಹಿ ಹಾಕಲು ಪೆನ್ನು ತೆಗೆದವರು ಮತ್ತೆ ಮುಚ್ಚಿದರು. ರಿಜಿಸ್ಟರಿನಲ್ಲಿ ಜಾಯಿಂಟಿನ ಜಾಗ ಹೊಸದಾಗಿ ಬರೆಯಬೇಕು, ಅದಲುಬದಲಾಗಿ ಬರುವ ಹೊಸಬನಿಗೆ ಸ್ಥಳದಲ್ಲೇ ತೋರಿಸಬೇಕು, ಅವನು ಕಂಡೆ ಎಂದು ಬರೆದುಕೊಟ್ಟ ಮೇಲೆ ಸಹಿ ಎಂದರು. ಲಿಂಗರಾಜ ರುಬ್ಬುವ ಕಲ್ಲಿನಿಂದ ಅಡಿಗಳಲ್ಲಿ ಬರೆದ. ಬೇರೆ ಯಾವುದರಿಂದ ಬರೆಯಬೇಕೋ ತಿಳಿಯಲಿಲ್ಲ.

ಹೊಸಬ ಚೌಹಾಣ್ ಹುಬ್ಬಳ್ಳಿಯಿಂದ ಬಂದದ್ದು ಮೂವತ್ತರ ಬೆಳಿಗ್ಗೆ. ಇಬ್ಬರೂ ಸರಾಯಿಗೆ ಟಿಕೆಟ್ ತೆಗೆಸಿ ಇಳಿದರು. ನಡುವಿನ ಮೂರು ದಿನದಲ್ಲಿ ಯಾರೋ ಇಪ್ಪತ್ತು ಲಾರಿ ಮಣ್ಣು ತಂದು ಬಯಲಿನ ತುಂಬ ಸುರಿದು ಹೋಗಿದ್ದರು. ಯಾರೆಂದು ವಾಚ್‌ಮನ್‌ಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತು. ಮೇಲೆ ಮಳೆ ಬಿದ್ದು ಗುಡ್ಡೆಗಳು ಕೂತಿದ್ದವು. ಆಡುಗಳು ಅವುಗಳ ಮೇಲೆ ಹತ್ತಿದ್ದವು. ಲಿಂಗರಾಜ ಮಗನ್‌ಭಾಯಿಯ ಕನ್ನಡಿ ನೋಡಿದ. ಗೆರೆ ಒಂದೇನೋ ಸಿಕ್ಕಿತು, ರುಬ್ಬುವ ಕಲ್ಲು ಮಾತ್ರ ಗುಡ್ಡೆಗಳ ಅಡಿ ಹೋಗಿತ್ತು. ಆ ಗೆರೆಯ ಮೇಲೆ ಎಲ್ಲಿ? ನಾಲ್ಕು ದಿನದ ಹಿಂದೆ ತಾನೇ ಹೊಟ್ಟೆ ಅಡಿಯಾಗಿ ಮಲಗಿದ್ದ ಜಾಗ.

"ಎಲ್ಲಿ ಐತ್ರೀ?" ಎಂದ ಚೌಹಾಣ್, ಹುಬ್ಬಳ್ಳಿಯಲ್ಲಿ ಕಲಿತ ಕನ್ನಡದಲ್ಲಿ.

ಸಂಜೆ ಐದಕ್ಕೆ ಕಚೇರಿ ಮುಚ್ಚುತ್ತಿತ್ತು. ಲಿಂಗರಾಜ ಎರಡು ಗುಡ್ಡೆಗಳ ನಡುವೆ ನಡೆದು, ಕಾಲಿಗೆ ಮೆತ್ತಗೆ ಎನಿಸಿದ ಕಡೆ ನಿಂತ.

"ಇಲ್ಲೇ ಐತಿ ನೋಡ್ರಿ," ಎಂದ.

ಚೌಹಾಣ್ ಅಲ್ಲಿ ಹಿಮ್ಮಡಿಯಿಂದ ಎರಡು ಸಲ ಒತ್ತಿ ನೋಡಿ, ಕಾಗದ ತೆಗೆದು, ಕಂಡೆ ಎಂದು ಬರೆದುಕೊಟ್ಟ.