ಸೀರೆಯೊಳಗೆ ಮಡಿಸಿಟ್ಟ ಕಾಲು

ನಾಡಿ ನೋಡಲು ಮಣಿಕಟ್ಟು ಹಿಡಿದು ಕಣ್ಣು ಮುಚ್ಚುವವರನ್ನು ಕಂಡರೆ ಈಗಲೂ ನನ್ನ ಕಣ್ಣು ರೋಗಿಯ ಕಾಲಿನ ಕಡೆ ಹೋಗುತ್ತದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ತೀರ್ಥಹಳ್ಳಿಯಲ್ಲಿ ನಮ್ಮೊಂದಿಗಿದ್ದ ಸೋದರತ್ತೆಗೆ ಸಕ್ಕರೆ ಕಾಯಿಲೆ. ಬಲಗಾಲು ಉರಿದು ಉರಿದು ಕೊನೆಗೆ ಜೋಮು ಹಿಡಿದಿತ್ತು. "ಒಬ್ಬಳೇ ಹಿತ್ತಲಿಗೆ ಹೋಗಿ ಬರೋ ಹಾಗಾದ್ರೆ ಸಾಕು ಕಣೋ, ಬೇರೆ ಎಂತದೂ ಬೇಡ," ಎನ್ನುತ್ತಿದ್ದರು.

ಹೊಸನಗರದ ಪಂಡಿತರೊಬ್ಬರು ನಾಡಿ ನೋಡಿ, ವಾತ ಕೆರಳಿದೆ ಎಂದು ಕಷಾಯ ಕೊಡುತ್ತಿದ್ದರು. ಜೋಮು ಬಿಡಲಿಲ್ಲ. ಅಷ್ಟರಲ್ಲಿ ಸಾಗರದ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಗೆ, ಸೂಜಿ ಚುಚ್ಚಿ ಗುಣಪಡಿಸುವವರೊಬ್ಬರು ಬಂದಿದ್ದಾರೆಂದು ಸುದ್ದಿಯಾಯಿತು. ಜನ ಅವರನ್ನು ಚೀನಾ ಡಾಕ್ಟರು ಎನ್ನುತ್ತಿದ್ದರು. ಮುಖ ನಮ್ಮವರದೇ, ಊರು ಶಿಕಾರಿಪುರದ ಕಡೆ, ವಿದ್ಯೆ ಮಾತ್ರ ಕೊಲಂಬೊದಲ್ಲಿ ಕಲಿತದ್ದಂತೆ. ಅತ್ತೆಯನ್ನು ಬಸ್ಸಿನಲ್ಲಿ ಕರೆದೊಯ್ದೆ. ಹೊಸನಗರದಲ್ಲಿ ಪಂಡಿತರೂ ಹತ್ತಿದರು. "ಆ ಸೂಜಿ ಮಹಾತ್ಮೆ ನಾನೂ ನೋಡ್ತೀನಿ," ಎಂದರು.

ಕೋಣೆಯಲ್ಲಿ ಊದುಬತ್ತಿಯ, ಸ್ಪಿರಿಟ್ಟಿನ, ಸುಟ್ಟ ಸೊಪ್ಪಿನ ವಾಸನೆ. ಅವೆಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು, ಯಾವುದೆಂದು ಆಗ ತಿಳಿಯಲಿಲ್ಲ. ಅತ್ತೆ ಚಾಪೆಯ ಮೇಲೆ ಕೂತು ಎರಡೂ ಪಾದಗಳನ್ನು ಸೀರೆಯೊಳಗೆ ಮಡಿಸಿಕೊಂಡರು. ದೊಡ್ಡವರ ಎದುರು ಕಾಲು ಚಾಚುವುದು ಅವರಿಗೆ ಗೊತ್ತೇ ಇರಲಿಲ್ಲ.

ಡಾಕ್ಟರು ಮೂರು ಬೆರಳಿನಿಂದ ಎರಡೂ ಕೈಯ ನಾಡಿ ಹಿಡಿದರು. ನಾಲಿಗೆ ನೋಡಿದರು. ಆಮೇಲೆ ಕಿವಿಗೆ ಸಣ್ಣ ಸೂಜಿಗಳನ್ನು ಚುಚ್ಚತೊಡಗಿದರು.

"ಕಾಲು ನೋಡೋದು ಬೇಡ್ವಾ?" ಎಂದೆ.

"ಇಡೀ ಮೈಯೆಲ್ಲ ಕಿವೀಲೇ ಇರ್ತದೆ."

"ನಮ್ಮಲ್ಲಿ ನಾಡೀಲೇ ಇರ್ತದೆ. ಚುಚ್ಚೋ ಕಷ್ಟ ಇಲ್ಲ," ಎಂದರು ಪಂಡಿತರು.

ಅಲ್ಲಿಂದ ಶುರುವಾಯಿತು. ಚೀನದವರ ಪಂಚಭೂತಗಳಲ್ಲಿ ಮರ, ಬೆಂಕಿ, ಮಣ್ಣು, ಲೋಹ, ನೀರು ಇವೆಯೆಂದು ಡಾಕ್ಟರು ಹೇಳಿದರು.

"ಗಾಳಿಯೇ ಇಲ್ವಲ್ಲ ಮಾರಾಯ್ರೆ. ಗಾಳಿ ಇಲ್ದವ್ರು ವಾತಕ್ಕೆ ಎಂತ ಮದ್ದು ಕೊಡ್ತೀರಿ?"

"ನಿಮ್ಮಲ್ಲಿ ಮರವೇ ಇಲ್ಲ. ಕಷಾಯಕ್ಕೆ ಬೇರು ಎಲ್ಲಿಂದ ತರ್ತೀರಿ, ಪಂಡಿತ್ರೆ?"

ಇಬ್ಬರೂ ನಕ್ಕರು. ಮೂತ್ರ ಸಿಹಿಯಾಗುವ ಈ ಕಾಯಿಲೆಯನ್ನು ಮೊದಲು ಅರಿತವರು ಯಾರು ಎಂಬುದಕ್ಕೆ ಮಾತು ತಿರುಗಿತು. ಆ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮವರು ಆ ಕಾಲಕ್ಕೇ ಬರೆದಿದ್ದಾರೆಂದು ಪಂಡಿತರು, ಚೀನದ ಗ್ರಂಥವೂ ಅಷ್ಟೇ ಹಳೆಯದೆಂದು ಡಾಕ್ಟರು. ಕಿವಿಯ ತುಂಬ ಸೂಜಿ ಹೊತ್ತ ಅತ್ತೆ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡುತ್ತಿದ್ದರು, ತೀರ್ಪು ಕಾಯುವವರಂತೆ.

ಅವರ ಸೀರೆಯ ಅಂಚಿನ ಮೇಲೆ ನೊಣಗಳು ಕೂತಿದ್ದವು. ಕೈ ಬೀಸಿದೆ. ಎದ್ದು ಮತ್ತೆ ಅಲ್ಲೇ ಕೂತವು. ಅಂಚು ಸರಿಸಿದೆ. ಪಾದಕ್ಕೆ ಸುತ್ತಿದ ಹಳೆಬಟ್ಟೆ ಅರಿಸಿನ ಮೆತ್ತಿ ಗಟ್ಟಿಯಾಗಿತ್ತು. ಬಿಚ್ಚಿದಾಗ ಕಿರುಬೆರಳಿನ ಚರ್ಮ ಬಟ್ಟೆಯ ಜೊತೆಗೇ ಬಂತು. ಪಕ್ಕದ ಬೆರಳು ಕಪ್ಪಾಗಿತ್ತು. ಅತ್ತೆಗೆ ನೋವೇ ಆಗಲಿಲ್ಲ.

ಪಂಡಿತರು ಶಲ್ಯ ಮೂಗಿಗೆ ಒತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಡಾಕ್ಟರು ಒಂದೊಂದೇ ಸೂಜಿ ಕಿತ್ತು ಡಬ್ಬಿಗೆ ಹಾಕಿದರು.

"ಇದು ನಮ್ಮ ಕಡೆಯ ಕೆಲ್ಸ ಅಲ್ಲ," ಎಂದರು.

"ಅಲ್ಲ, ಅಲ್ಲ. ಇದು ಆಪರೇಷನ್ನಿಗೆ ಹೋಗ್ಬೇಕಾದ್ದು," ಎಂದರು ಪಂಡಿತರು. ಅಂದು ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

"ಮುಳ್ಳು ಚುಚ್ಚಿದ್ದು. ದೊಡ್ಡವ್ರ ಮುಂದೆ ಕಾಲು ಹೇಗೆ ತೋರ್ಸೋದು," ಎಂದು ಅತ್ತೆ ಮತ್ತೆ ಪಾದವನ್ನು ಒಳಕ್ಕೆ ಎಳೆದುಕೊಂಡರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ಮಳೆಗಾಲ ಕಳೆದ ಮೇಲೆ ಪಂಡಿತರು ವಿಚಾರಿಸಿಕೊಳ್ಳಲು ಬಂದರು. ಅವರನ್ನು ಕಂಡದ್ದೇ ಅತ್ತೆ ಉಳಿದ ಕಾಲನ್ನು ಸೀರೆಯೊಳಗೆ ಸೇರಿಸಿಕೊಂಡರು. ಪಂಡಿತರು ಕುರ್ಚಿ ಎಳೆದು ಕೂತು, "ಎಲ್ಲಿ, ಕೈ ಕೊಡಮ್ಮ," ಎಂದರು. ಅತ್ತೆ ಕೊಟ್ಟರು. ಪಂಡಿತರು ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು.

ನಾನು ಬಗ್ಗಿ ಅಂಚು ಸರಿಸಿ, ಆ ಒಂದು ಪಾದವನ್ನು ಅವರ ಮುಂದಕ್ಕೆ ಎಳೆದಿಟ್ಟೆ.